ಮಗನ ಸಾಲವನ್ನು ಗುಟ್ಟಾಗಿ ತೀರಿಸಿದ್ದು ನನ್ನ ತಪ್ಪು

ಕಳೆದ ವಾರ ನಮ್ಮ ಸೊಸೈಟಿಗೆ ಒಬ್ಬರು ತಾಯಿ ಬಳೆ ಅಡವಿಡಲು ಬಂದಿದ್ದರು. ಚಿನ್ನದ ಸಾಲದ ಅರ್ಜಿಯಲ್ಲಿ 'ಸಾಲದ ಉದ್ದೇಶ' ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ 'ಮನೆ ಖರ್ಚು' ಅಂತ ಬರೆಸಿದರು. ಸಹಿ ಹಾಕುವಾಗ ದನಿ ತಗ್ಗಿಸಿ, "ಮನೇಲಿ ಯಾರಿಗೂ ಗೊತ್ತಾಗೋದು ಬೇಡ ಮೇಡಂ, ಮಗ ಬೆಂಗಳೂರಲ್ಲಿ ಸ್ವಲ್ಪ ತೊಂದರೇಲಿದ್ದಾನೆ" ಅಂದರು. ನನ್ನ ಕೈ ಅಲ್ಲೇ ನಿಂತಿತು. ಎರಡು ವರ್ಷದ ಹಿಂದೆ ನಾನೂ ಹೀಗೇ ಮಾಡಿದ್ದೆ. ಅವತ್ತು ಕೌಂಟರಿನಲ್ಲಿ ಜನ ಜಾಸ್ತಿ ಇದ್ದರು, ಹೇಳಬೇಕಾದ್ದನ್ನು ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಯಸ್ಸಿಗೆ ಬಂದ ಮಕ್ಕಳು ಮಾಡಿಕೊಂಡ ಸಾಲಕ್ಕೆ ಅಪ್ಪ ಅಮ್ಮ ಕೈ ಹಾಕಬೇಕಾ ಅಂತ ಕೇಳಿದರೆ, ಹಾಕಬೇಕು ಅನ್ನುವವಳೇ ನಾನು. ಆದರೆ ಪೂರ್ತಿ ಲೆಕ್ಕ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮನೆಯವರಿಂದ ಮುಚ್ಚಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಈ ಎರಡು ತಪ್ಪನ್ನೂ ಒಂದೇ ಸಲಕ್ಕೆ ಮಾಡಿದೆ.

2024ರ ಮಾರ್ಚ್. ಮಗನಿಗೆ ಆಗ 25 ವರ್ಷ. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಒಂದು ಭಾನುವಾರ ಫೋನ್ ಮಾಡಿ, "ಅಮ್ಮ, ಕಾರ್ಡಿಂದು ಒಂದು ಅರವತ್ತು ಸಾವಿರ ಕಟ್ಟಬೇಕು, ಇದೊಂದು ಸಲ, ಅಪ್ಪಂಗೆ ಹೇಳ್ಬೇಡ" ಅಂದ. ಯಾವ ಕಾರ್ಡು, ಹೇಗೆ ಇಷ್ಟಾಯಿತು, ಬೇರೆ ಏನಾದರೂ ಇದೆಯಾ, ಒಂದನ್ನೂ ನಾನು ಕೇಳಲಿಲ್ಲ. ತಿಪಟೂರಿನ ಒಂದು ಸಹಕಾರ ಸಂಘದಲ್ಲಿ 19 ವರ್ಷದಿಂದ ಗುಮಾಸ್ತೆ ನಾನು. ಐದು ಸಾವಿರ ಸಾಲ ಕೇಳಿದವರಿಗೂ ಹತ್ತು ಪ್ರಶ್ನೆ ಕೇಳುವುದು ನನ್ನ ಕೆಲಸ. ಮಗನನ್ನು ಮಾತ್ರ ಕೇಳಲು ಬಾಯಿ ಬರಲಿಲ್ಲ. ಮಗಳ ಓದಿಗೆ ಅಂತ ಚೀಟಿ ಕಟ್ಟುತ್ತಿದ್ದೆ. ಆ ತಿಂಗಳು ಆರು ಸಾವಿರ ಬಿಟ್ಟುಕೊಟ್ಟು ಕೂಗಿ ಎತ್ತಿದೆ, ಬಂದ 60,000ವನ್ನು ಅವನ ಖಾತೆಗೆ ಹಾಕಿದೆ, ನಮ್ಮನೆಯವರಿಗೆ ಹೇಳಲಿಲ್ಲ. ಅದರಲ್ಲಿ 40,000 ಮಾತ್ರ ಕಾರ್ಡಿಗೆ ಹೋಗಿತ್ತು, ಉಳಿದದ್ದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಒಬ್ಬ ಸ್ನೇಹಿತನಿಗೆ ಹೋಗಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಒಂದು ವರ್ಷ ಕಳೆದ ಮೇಲೆ.

ಯಾಕೆ ಕೇಳಲಿಲ್ಲ ಅಂತ ಆಮೇಲೆ ಬಹಳ ಯೋಚನೆ ಮಾಡಿದ್ದೇನೆ. ಕೇಳಿದರೆ ಪೂರ್ತಿ ಗೊತ್ತಾಗುತ್ತದೆ, ಗೊತ್ತಾದರೆ ಅವರಪ್ಪನಿಗೆ ಹೇಳಬೇಕಾಗುತ್ತದೆ, ಅವರಿಗೆ ಹೇಳಿದರೆ ಅಣ್ಣತಮ್ಮಂದಿರ ಮನೆಗೆಲ್ಲ ಗೊತ್ತಾಗುತ್ತದೆ. ಮಗನಿಗಿಂತ ಜಾಸ್ತಿ ನಾನು ಕಾಪಾಡಲು ಹೊರಟಿದ್ದು ಮನೆ ಮರ್ಯಾದೆಯನ್ನು. ಅವನ ಗುಟ್ಟಿನ ಮೇಲೆ ನನ್ನದೊಂದು ಗುಟ್ಟು ಮುಚ್ಚಳ ಹಾಕಿದ ಹಾಗೆ ಆಯಿತು. ಒಳಗೆ ಬಡ್ಡಿ ಬೆಳೆಯುತ್ತಲೇ ಇತ್ತು.

2025ರ ಜೂನ್, ಒಂದು ರಾತ್ರಿ ಎಂಟೂ ಕಾಲು. ನಾನು ಮುದ್ದೆ ತಿರುವುತ್ತಿದ್ದೆ, ಕೈ ಬಿಡುವಿರಲಿಲ್ಲ, ನನ್ನ ಫೋನನ್ನು ನಮ್ಮನೆಯವರು ತೆಗೆದುಕೊಂಡರು. ಆ ಕಡೆಯವನು ಸಾಲ ವಸೂಲಿಯವನು. "ನಿಮ್ಮ ಮಗ ಫೋನ್ ಎತ್ತುತ್ತಿಲ್ಲ, ನಾಳೆ ಮನೆ ಹತ್ರ ಬರ್ತೀವಿ" ಅಂದನಂತೆ. ಮಗ ಸಾಲ ತೆಗೆಯುವಾಗ ಪರಿಚಯದವರು ಅಂತ ನನ್ನ ನಂಬರ್ ಕೊಟ್ಟಿದ್ದ. ಅವತ್ತು ಚೀಟಿ ದುಡ್ಡಿನ ವಿಷಯವನ್ನೂ ಹೇಳಬೇಕಾಯಿತು. "ನೀನೂ ಮುಚ್ಚಿಟ್ಟೆಯಾ" ಅಂತ ಒಂದೇ ಮಾತು ಕೇಳಿದರು. ಆಮೇಲೆ ಟಾರ್ಚ್ ತೆಗೆದುಕೊಂಡು ಅಟ್ಟ ಹತ್ತಿದರು.

ನಮ್ಮದು ಎರಡು ಎಕರೆ ತೆಂಗಿನ ತೋಟ. ಈ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ನಮ್ಮನೆಯವರು ಒಂದೊಂದೇ ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುವುದು ಕೆಳಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಆ ರಾಶಿ ಅಟ್ಟ ಹತ್ತಿ ಆಗ ಐದೇ ತಿಂಗಳು. ಇನ್ನೂ ನೀರು ಕುಲುಕುವ ಸದ್ದು. ಬಹಳ ಹೊತ್ತಿನ ಮೇಲೆ ತಲೆತುಂಬ ಜೇಡರ ಬಲೆ ಮಾಡಿಕೊಂಡು ಇಳಿದು ಬಂದು, "ಇದಿನ್ನೂ ಆರು ತಿಂಗಳು ಕೈಗೆ ಹತ್ತಲ್ಲ. ಅವನನ್ನ ಬರೋಕೆ ಹೇಳು" ಅಂದರು.

ಶನಿವಾರ ಮಗ ಬಂದ. ಊಟ ಆದ ಮೇಲೆ ಹಿಂದಿನ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು ಅದರ ಬೆನ್ನಿಗೆ ಬರೆಯಲು ಕೂತೆ. ಅವನು ಫೋನ್ ನೋಡಿ ಹೇಳುತ್ತಾ ಹೋದ. ಒಂದು ಕಾರ್ಡು 1,42,600. ಇನ್ನೊಂದು 67,900. ಪರ್ಸನಲ್ ಲೋನ್ ಬಾಕಿ 2,08,000. ಕೂಡಿದರೆ 4,18,500. "ಇಷ್ಟೇನಾ?" ಅಂತ ಅವರಪ್ಪ ಕೇಳಿದರು. "ಇಷ್ಟೇ ಅಪ್ಪ" ಅಂದ. ನನಗೆ ನಿದ್ದೆ ಬರಲಿಲ್ಲ, ರಾತ್ರಿ ಒಂದು ಗಂಟೆಗೆ ಅಡುಗೆಮನೆಯಲ್ಲಿ ಸುಮ್ನೆ ಕೂತಿದ್ದೆ. ನೀರು ಕುಡಿಯಲು ಬಂದವನು ಲೋಟ ಕೈಯಲ್ಲಿ ಹಿಡಿದುಕೊಂಡೇ ನಿಂತ. ಕುಡಿಯಲಿಲ್ಲ. "ಅಮ್ಮ, ಇನ್ನೂ ಇದೆ" ಅಂದ. ಮೂರು ಲೋನ್ ಆ್ಯಪ್‌ಗಳಲ್ಲಿ 46,500. ಬೆಳಿಗ್ಗೆ ಕಾಫಿ ಕುಡಿಯುವಾಗ ಸ್ನೇಹಿತರ ಕೈಸಾಲ 38,000 ಹೊರಬಂತು. ಒಟ್ಟು 5,03,000.

ಕೇಳಿದ ಮೊದಲ ಏಟಿಗೆ ಯಾರೂ ಪೂರ್ತಿ ಹೇಳುವುದಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಸುಳ್ಳು ಹೇಳಬೇಕು ಅಂತಲೂ ಅಲ್ಲ, ಅವರಿಗೇ ಒಟ್ಟು ಮೊತ್ತ ನೋಡಲು ಭಯ. ಆಮೇಲೆ ಅವನ ಸಿಬಿಲ್ ರಿಪೋರ್ಟ್ ತೆಗೆಸಿ ಹಾಳೆಯ ಜೊತೆ ತಾಳೆ ಹಾಕಿದೆವು. ವರ್ಷಕ್ಕೆ ಒಂದು ಸಲ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲ ಅದರಲ್ಲಿ ಕಾಣುತ್ತದೆ, ಸ್ನೇಹಿತರ ಕೈಸಾಲ ಕಾಣುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಸಲೇಬೇಕು.

ಹೇಗೆ ಬೆಳೆಯಿತು ಈ ಸಾಲ? ಕಂತಿನ ಫೋನು ಇತ್ತು, ಗೋವಾ ಟೂರ್ ಇತ್ತು, ಅದನ್ನು ನಾನು ಮುಚ್ಚುವುದಿಲ್ಲ. ಆದರೆ ಬಹುಪಾಲು ಬಂದದ್ದು 2024ರ ಆಗಸ್ಟಿನಿಂದ ನವೆಂಬರ್‌ವರೆಗೆ ಕೆಲಸ ಇಲ್ಲದ ನಾಲ್ಕು ತಿಂಗಳಲ್ಲಿ. ಕೆಲಸ ಹೋಗಿದ್ದನ್ನೂ ನಮಗೆ ಹೇಳಿರಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಸೀರೆ ತಗೋ ಅಂತ ನನಗೆ 5,000 ಕಳಿಸಿದ್ದ. ಅದೂ ಆ್ಯಪ್‌ನಲ್ಲಿ ತೆಗೆದ ಸಾಲವೇ. ಆ ಸೀರೆಯನ್ನು ನಾನು ಎಷ್ಟು ಜನರಿಗೆ ತೋರಿಸಿದ್ದೆ.

ಈಗ ಮೊದಲನೇ ಕಾರ್ಡಿನ ಲೆಕ್ಕ ನೋಡಿ, ಇದನ್ನು ಪ್ರತಿ ಅಪ್ಪ ಅಮ್ಮನೂ ಒಂದು ಸಲ ಪೆನ್ನು ಹಿಡಿದು ಮಾಡಬೇಕು. ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್. ಕೇಳಲು ಚಿಕ್ಕದು, ವರ್ಷಕ್ಕೆ 42. 'ಮಿನಿಮಮ್ ಡ್ಯೂ' ಅಂತ ಕೇಳುತ್ತಿದ್ದದ್ದು ಬಾಕಿಯ 5 ಪರ್ಸೆಂಟ್, ಅಂದರೆ 7,130 ರೂಪಾಯಿ. ಅಷ್ಟು ಕಟ್ಟಿದರೆ ಫೋನ್ ಬರಲ್ಲ, ಮನಸ್ಸಿಗೆ ನೆಮ್ಮದಿ. ಆದರೆ 1,42,600ಕ್ಕೆ ಒಂದು ತಿಂಗಳ ಬಡ್ಡಿಯೇ 4,991. ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 898. ಎರಡೂ ಸೇರಿ 5,889. ಏಳು ಸಾವಿರ ಚಿಲ್ಲರೆ ಕಟ್ಟಿದರೂ ಅಸಲಿಗೆ ಹೋಗುವುದು 1,241 ರೂಪಾಯಿ. ಆ ತಿಂಗಳು ಅದೇ ಕಾರ್ಡಿನಲ್ಲಿ ಒಂದೂವರೆ ಸಾವಿರದ ದಿನಸಿ ತಂದರೆ ಸಾಲ ಇಳಿಯುವ ಬದಲು ಏರುತ್ತದೆ. ಹಳೇ ಬಾಕಿ ಇದ್ದಾಗ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳೂ ಸಿಗುವುದಿಲ್ಲ, ಮೊದಲ ದಿನದಿಂದಲೇ ಬಡ್ಡಿ. ಕಾರ್ಡಿಗೆ 30 ಪರ್ಸೆಂಟಿಗಿಂತ ಜಾಸ್ತಿ ಬಡ್ಡಿ ಹಾಕುವುದು ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಮ್ಮ ಸೊಸೈಟಿಯಲ್ಲಿ ಸುಸ್ತಿ ಬಡ್ಡಿ ಹಾಕಿದರೂ ಇದರ ಅರ್ಧದ ಹತ್ತಿರಕ್ಕೆ ಬರುವುದಿಲ್ಲ. 25 ವರ್ಷದ ಹುಡುಗನ ಕೈಗೆ ಇಂಥ ಕಾರ್ಡು ಕೊಟ್ಟಾಗ ಈ ಲೆಕ್ಕವನ್ನು ಕೂರಿಸಿಕೊಂಡು ಹೇಳಿದವರು ಯಾರೂ ಇರಲಿಲ್ಲ. ನಾನಾದರೂ ಹೇಳಬೇಕಿತ್ತು.

ಕಾನೂನಿನ ಪ್ರಕಾರ ನಾವು ಕಟ್ಟಬೇಕಾ? ಬೇಡ. ವಯಸ್ಕ ಮಗನ ಸಾಲಕ್ಕೆ ಅಪ್ಪ ಅಮ್ಮ ಹೊಣೆ ಅಲ್ಲ, ಜೊತೆ ಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿರದಿದ್ದರೆ. ನಮ್ಮಲ್ಲಿ ಹಿಂದೆ ಇದ್ದದ್ದು ಇದರ ಉಲ್ಟಾ, ಅಪ್ಪನ ಸಾಲವನ್ನು ಮಗ ತೀರಿಸುವುದು ಧರ್ಮ ಅಂತ ಕೋರ್ಟುಗಳೂ ಒಪ್ಪುತ್ತಿದ್ದವು. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಜಾರಿಗೆ ಬಂದ ಮೇಲೆ, ಆಮೇಲಿನ ಸಾಲಗಳಿಗೆ ಅದೂ ಹೋಯಿತು. ಸಹಿ ಹಾಕಿದ್ದರೆ ಮಾತ್ರ ಕಥೆ ಬೇರೆ. ಮಗನ ಓದಿನ ಸಾಲಕ್ಕೆ ನಿಮ್ಮ ಸಹಿ ಇದ್ದರೆ ಅದು ನಿಮ್ಮದೇ ಸಾಲ. ಜಾಮೀನು ಹಾಕುವಾಗ ಜನ "ಸುಮ್ನೆ ಒಂದು ಸೈನ್ ಅಲ್ವಾ ಮೇಡಂ" ಅನ್ನುತ್ತಾರೆ. ಅಲ್ಲ. ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ ಅಂತ 1872ರ ಕರಾರು ಕಾಯ್ದೆಯಲ್ಲೇ ಇದೆ. ಪಕ್ಕದವರ ಮಗನ ಸಾಲಕ್ಕೆ ಜಾಮೀನು ಹಾಕಿ ತನ್ನ ಸಂಬಳ ಹಿಡಿಸಿಕೊಂಡವರನ್ನು ನಾನು ಕೌಂಟರಿನಲ್ಲಿ ಕೂತು ನೋಡಿದ್ದೇನೆ.

ಅಂದರೆ ನಾವು ಕಟ್ಟದಿದ್ದರೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಕಟ್ಟಲು ತೀರ್ಮಾನ ಮಾಡಿದ್ದು ನಾವೇ, ಅದೂ ಎಲ್ಲವನ್ನೂ ಅಲ್ಲ. ಹಾಳೆ ಮೇಲೆ ಬಡ್ಡಿ ಜಾಸ್ತಿ ಇರುವುದಕ್ಕೆ ಕೆಂಪು ಗೆರೆ ಎಳೆದೆವು. ಎರಡು ಕಾರ್ಡು, ಮೂರು ಆ್ಯಪ್, ಒಟ್ಟು 2,57,000. ಪರ್ಸನಲ್ ಲೋನ್ 14 ಪರ್ಸೆಂಟ್, ಕಂತು 7,450, ಅದು ಅವನದೇ. ಸ್ನೇಹಿತರ ಕೈಸಾಲವೂ ಅವನದೇ, ಕೊಟ್ಟವರ ಮುಖ ನೋಡಿ ಅವನೇ ತೀರಿಸಬೇಕು. ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲಿ ನಾಲ್ಕು ಲಕ್ಷದ ಎಫ್‌ಡಿ ಇತ್ತು, 7 ಪರ್ಸೆಂಟಿನದು. ಮುರಿಸಲಿಲ್ಲ. ಅದರ ಮೇಲೆ ಸಾಲ ತೆಗೆದೆ, 8.5ಕ್ಕೆ ಸಿಕ್ಕಿತು. ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಮೇಲೆ ಇಟ್ಟು ಕೊಡುತ್ತಾರೆ, ಬಹಳ ತಾಯಂದಿರಿಗೆ ಇದು ಗೊತ್ತಿಲ್ಲ, ಮೊದಲು ಬಳೆ ಬಿಚ್ಚುತ್ತಾರೆ. 42 ಪರ್ಸೆಂಟಿನ ಸಾಲ ಹೋಗಿ 8.5ರ ಸಾಲ ಬಂತು. ಮಗ ಮೂರು ವರ್ಷ ತಿಂಗಳಿಗೆ 8,200 ನನ್ನ ಸಾಲದ ಖಾತೆಗೆ ಕಟ್ಟಿದರೆ ತೀರುತ್ತದೆ. ಅಷ್ಟು ಹೊತ್ತಿಗೆ ಅವನಿಗೆ ಬೇರೆ ಕೆಲಸ ಸಿಕ್ಕಿತ್ತು, ಕೈಗೆ 38,000. ಎರಡೂ ಕಂತು ಸೇರಿ 15,650 ಹೋದರೆ ಪಿಜಿ, ಊಟ, ಬಸ್ಸು, ಕೈಸಾಲಕ್ಕೆ 22,350 ಉಳಿಯುತ್ತದೆ. ಕಷ್ಟ, ಆದರೆ ಆಗುತ್ತದೆ.

ಈ ಸಲ ಅವನ ಖಾತೆಗೆ ಒಂದು ಪೈಸೆ ಹಾಕಲಿಲ್ಲ. ನೇರವಾಗಿ ಕಾರ್ಡ್ ಕಂಪನಿಗಳಿಗೆ ಕಟ್ಟಿ, ಕಾರ್ಡ್ ಮುಚ್ಚಿಸಿ, ಬಾಕಿ ಏನೂ ಇಲ್ಲ ಅನ್ನುವ ಬೇಬಾಕಿ ಪತ್ರ ಕೈಗೆ ಬಂದ ಮೇಲೇ ಹಾಳೆಯಲ್ಲಿ ಗೆರೆ ಹೊಡೆದೆ. ಒಂದು ಕಂಪನಿಯವರು 'ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಟ್ಟಿ, ಸೆಟಲ್ ಮಾಡೋಣ' ಅಂದರು. ಆಸೆ ಆಯಿತು. ಆದರೆ ರಿಪೋರ್ಟಿನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬೀಳುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅದು ಎದ್ದು ನಿಲ್ಲುತ್ತದೆ. ಪೂರ್ತಿ ಕಟ್ಟುವ ಶಕ್ತಿ ಇಲ್ಲದವರು ಸೆಟಲ್ ಮಾಡಿಕೊಳ್ಳುವುದರಲ್ಲಿ ನಾಚಿಕೆ ಪಡಬೇಕಿಲ್ಲ, ಬರಹದಲ್ಲಿ ತೆಗೆದುಕೊಂಡು ಮಾಡಿ. ನಮಗೆ ಶಕ್ತಿ ಇತ್ತು, ಪೂರ್ತಿ ಕಟ್ಟಿದೆವು.

ವಸೂಲಿಯವರ ಬಗ್ಗೆ ಒಂದು ಮಾತು. ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ, ಮನೆಯವರನ್ನು, ಸ್ನೇಹಿತರನ್ನು ಹೆದರಿಸಿ ಅವಮಾನ ಮಾಡುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲೇ ಹೇಳಿದೆ. ನಮಗೆ ಬಂದ ಫೋನೇ ನಿಯಮ ಮೀರಿದ್ದು. ಮೊದಲು ಸಾಲ ಕೊಟ್ಟ ಕಂಪನಿಗೆ ಬರಹದಲ್ಲಿ ದೂರು ಕೊಡಿ, 30 ದಿನದಲ್ಲಿ ಸರಿಹೋಗದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅಲ್ಲಿಯ ಸಹಾಯವಾಣಿ 14448. ಯಾವ ಆ್ಯಪ್ ಅಧಿಕೃತ ಅಂತ ನೋಡಲು 2025ರ ಜುಲೈ 1ರಿಂದ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲೇ ಪಟ್ಟಿ ಇದೆ. ಫೋನಿನ ಕಾಂಟ್ಯಾಕ್ಟ್ ಕದ್ದು, ಫೋಟೋ ತಿದ್ದಿ ಹೆದರಿಸುವವರಿದ್ದರೆ ಅದು ಸೈಬರ್ ಅಪರಾಧ, 1930ಕ್ಕೆ ಫೋನ್ ಮಾಡಿ.

ನನ್ನ ಓರಗಿತ್ತಿಗೆ ನಾವು ಮಾಡಿದ್ದು ಸರಿ ಕಾಣಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಅಕ್ಕ, ಅನುಭವಿಸಲಿ, ಆಗ ಬುದ್ಧಿ ಬರುತ್ತೆ" ಅಂದಳು. ಅವಳ ಮಾತನ್ನು ನಾನು ತಳ್ಳಿಹಾಕಲ್ಲ. ಅದಕ್ಕೇ ಪರ್ಸನಲ್ ಲೋನ್ ಅವನ ತಲೆ ಮೇಲೇ ಬಿಟ್ಟಿದ್ದು. ಆದರೆ 42 ಪರ್ಸೆಂಟ್ ಬಡ್ಡಿಯಲ್ಲಿ ಬುದ್ಧಿ ಕಲಿಯುವುದಕ್ಕೆ ಎಷ್ಟು ವರ್ಷ ಬೇಕು? ಅಷ್ಟರಲ್ಲಿ ಅವನ ಮದುವೆ ವಯಸ್ಸೂ ದಾಟುತ್ತದೆ, ನಮ್ಮ ದುಡಿಯುವ ವಯಸ್ಸೂ ದಾಟುತ್ತದೆ.

ನನಗೆ ನಿಜವಾಗಿ ನೋವಾಗಿದ್ದು ಮಗಳ ಮಾತಿನಿಂದ. ಅವಳು ನರ್ಸಿಂಗ್ ಓದುತ್ತಿದ್ದಾಳೆ. ವಿಷಯ ಎಲ್ಲ ತಿಳಿದ ಮೇಲೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬಟ್ಟೆ ಮಡಚುತ್ತಾ, "ಅಣ್ಣ ಸಾಲ ಮಾಡಿದ್ದಕ್ಕೆ ಅವನಿಗೆ ದುಡ್ಡು ಸಿಕ್ತು. ನಾನು ಏನೂ ಕೇಳದೆ ಇದ್ದಿದ್ದಕ್ಕೆ ನನ್ನ ಚೀಟಿ ದುಡ್ಡು ಹೋಯ್ತು" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬರಿಗೆ ಸಹಾಯ ಮಾಡುವಾಗ ಇನ್ನೊಬ್ಬರ ಪಾಲಿನಿಂದ ತೆಗೆಯುತ್ತಿದ್ದೇವಾ ಅಂತ ನೋಡದೆ ಕೊಟ್ಟಿದ್ದೆ. ಅವತ್ತೇ ಹೊಸ ನೋಟ್ ಪುಸ್ತಕ ತಂದೆ. ಮೊದಲ ಪುಟದಲ್ಲಿ ಮಗಳ ಹೆಸರು ಬರೆದು, ಅವಳಿಗೆ ಬರಬೇಕಾದ್ದು 66,000 ಅಂತ ಬರೆದೆ. ಕೂಗಿನಲ್ಲಿ ಬಿಟ್ಟ ಆರು ಸಾವಿರವೂ ಸೇರಿ. ನನ್ನ ಎಫ್‌ಡಿ ಸಾಲ ತೀರಿದ ಮೇಲೆ ಅಣ್ಣ ಅದನ್ನು ಕೊಡಬೇಕು. ಮಗ ಅದರ ಕೆಳಗೆ ಸಹಿ ಹಾಕಿದ್ದಾನೆ.

ಎಲ್ಲ ಮನೆಗೂ ಇದೇ ದಾರಿ ಅಂತ ನಾನು ಹೇಳುತ್ತಿಲ್ಲ. ಜೂಜಿನ ಸಾಲ ಆಗಿದ್ದರೆ ನಾನು ಹೀಗೆ ಕಟ್ಟುತ್ತಿರಲಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದು ನಿಷೇಧಿಸಿದೆ, ಆದರೆ ಹಿಡಿದ ಚಟ ಕಾಯ್ದೆಗೆ ಬಿಡುವುದಿಲ್ಲ. ಅಂಥ ಕಡೆ ಮೊದಲು ಡಾಕ್ಟರು, ಆಮೇಲೆ ದುಡ್ಡು. ಮತ್ತೆ, ಇರುವ ಮನೆ, ಜಮೀನು, ಪಿಂಚಣಿ ಗಂಟು, ಇವುಗಳಿಗೆ ಕೈ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅವನಿಗೆ ದುಡಿಯಲು ಇನ್ನೂ 30 ವರ್ಷ ಇದೆ. ನಮಗೆ ಇಲ್ಲ. ಅಟ್ಟದ ಕಾಯಿಯನ್ನು ಅರ್ಧದಲ್ಲಿ ಇಳಿಸಿ ಮಾರೋಣ ಅಂತ ಒಂದು ಗಳಿಗೆ ನಮ್ಮನೆಯವರಿಗೂ ಅನ್ನಿಸಿತ್ತಂತೆ, ಆಮೇಲೆ ಹೇಳಿದರು. ಮಾರಲಿಲ್ಲ. ಡಿಸೆಂಬರಿನಲ್ಲಿ ಹದಕ್ಕೆ ಬಂದ ಮೇಲೇ ಇಳಿಸಿದ್ದು.

ಮಗ ಆ ರಾತ್ರಿ ಅಡುಗೆಮನೆಯಲ್ಲಿ ಇನ್ನೊಂದು ಮಾತು ಹೇಳಿದ್ದ. ಸಾಲ ಎಷ್ಟಿದೆ ಅನ್ನುವುದಕ್ಕಿಂತ, ನಮಗೆ ಗೊತ್ತಾಗುವ ದಿನ ನೆನೆಸಿಕೊಂಡರೆ ಬದುಕುವುದೇ ಬೇಡ ಅನ್ನಿಸುತ್ತಿತ್ತು ಅಂತ. ಅದನ್ನು ಇಲ್ಲಿ ಬರೆಯಲು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ನಿಮ್ಮ ಮಕ್ಕಳು ಇಂಥ ಮಾತಾಡಿದರೆ ಸಾಲದ ಹಾಳೆ ಪಕ್ಕಕ್ಕಿಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನೋಟ್ ಪುಸ್ತಕ ಈಗ ದೇವರ ಗೂಡಿನ ಕೆಳಗಿನ ಡ್ರಾದಲ್ಲಿದೆ, ನಾಲ್ಕು ಜನಕ್ಕೂ ಕೈಗೆ ಸಿಗುವ ಹಾಗೆ. ಪ್ರತಿ ತಿಂಗಳು 5ನೇ ತಾರೀಖು ಒಂದು ಸಾಲು ಬರೆಯುತ್ತೇನೆ. ಆರು ತಿಂಗಳು 8,200, 8,200 ಅಂತ ಒಂದೇ ಸಮ ಬಂತು. ಏಳನೇ ತಿಂಗಳು, 2ನೇ ತಾರೀಖೇ, ಫೋನ್ ಬಂತು. ನನಗಲ್ಲ, ಅವರಪ್ಪನಿಗೆ. ಜ್ವರ ಬಂದು ಆಸ್ಪತ್ರೆಗೆ ಖರ್ಚಾಯಿತು, ಈ ತಿಂಗಳು 5,200 ಅಷ್ಟೇ ಆಗೋದು ಅಪ್ಪ, ಮೂರು ಸಾವಿರ ಮುಂದಿನ ತಿಂಗಳು ಸೇರಿಸಿ ಕಟ್ಟುತ್ತೇನೆ ಅಂದನಂತೆ. ಅವರು ಡ್ರಾ ಎಳೆದು, ಪುಸ್ತಕ ತೆಗೆದು, ಅವರೇ ಪೆನ್ನು ಹುಡುಕಿ 5,200 ಅಂತ ಬರೆದು ನನ್ನ ಮುಂದೆ ಇಟ್ಟರು. ಆಮೇಲೆ ಅವನಿಗೇ ತಿರುಗಿ ಫೋನ್ ಮಾಡಿ ಜ್ವರ ಹೇಗಿದೆ ಅಂತ ಕೇಳಿದರು.